ಬಾಣಂತಿಪಟ್ಟಿ ಕಟ್ಟಿದ ಕಾರು

ಶಾಂಭವಿ ಕೇಳಿದಳು: "ಗುರುಗಳೇ, ಒಳಗಿನ ಕಾವನ್ನು ಏನು ಮಾಡಬೇಕು? ಹೊರಗೆ ಬಿಟ್ಟರೆ ಸುತ್ತಲಿನವರನ್ನು ಸುಡುತ್ತದೆ. ಒಳಗೆ ಇಟ್ಟುಕೊಂಡರೆ ನನ್ನನ್ನು ಸುಡುತ್ತದೆ."

ನಿರುಪಾಧಿ ಗುರುಗಳು ಆಕೆಯ ಮುಖ ನೋಡಿದರು. ಅವರ ಮಠ ಒಂದು ಬೆಟ್ಟದ ಬುಡದಲ್ಲಿತ್ತು. ಮಠಕ್ಕೆ ಸೇರಿದ ಒಂದು ತಾಂತ್ರಿಕ ಶಾಲೆ ಇತ್ತು. ಎಂಜಿನ್ ಬಿಚ್ಚಿ ಜೋಡಿಸುವುದನ್ನು ಅಲ್ಲಿ ಕಲಿಸುತ್ತಿದ್ದರು. ಶಾಂಭವಿ ಒಂಬತ್ತು ವರ್ಷಗಳಿಂದ ಆ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಒಂದೊಂದು ಪಾಠವನ್ನೂ ತಾನೇ ಬರೆದು, ತರಗತಿಯಲ್ಲಿ ಹೇಳಿ ನೋಡಿ, ತಿದ್ದಿ, ಮತ್ತೆ ಬರೆದು ಒಂದು ಪುಸ್ತಕ ಮಾಡಿದ್ದಳು. ಹಿಂದಿನ ವಾರ ಆ ಪುಸ್ತಕ ಅಚ್ಚಾಗಿ ಬಂತು. ಮುಖಪುಟದ ಮೇಲೆ ಪ್ರಾಂಶುಪಾಲರ ಹೆಸರಿತ್ತು. ಆಕೆಯ ಹೆಸರು ಒಳಗೂ ಇರಲಿಲ್ಲ.

"ನಾಳೆ ಬೆಳಿಗ್ಗೆ ಆಡಳಿತ ಮಂಡಳಿಯ ಸಭೆ," ಎಂದಳು ಶಾಂಭವಿ. "ಎದ್ದು ನಿಂತು ಎಲ್ಲರೆದುರು ಅವರ ಮಾನ ಕಳೆಯಲೇ? ಅಥವಾ ರಾಜೀನಾಮೆ ಕೊಟ್ಟು, ಬಾಯಿ ಮುಚ್ಚಿಕೊಂಡು ಹೋಗಲೇ? ಎರಡಕ್ಕೂ ಕಾಗದ ಬರೆದು ತಂದಿದ್ದೇನೆ."

"ನೀನು ಬರೆದ ಪಾಠಗಳ ಹಳೆಯ ಪ್ರತಿಗಳು ಏನಾದವು?"

"ಮನೆಯಲ್ಲಿ ಒಂದು ಟ್ರಂಕಿನಲ್ಲಿವೆ. ಯಾವ ಪಾಠವನ್ನು ಯಾವ ದಿನ ತಿದ್ದಿದೆ ಎಂಬುದೂ ಅಂಚಿನಲ್ಲಿದೆ. ಈಗ ಅವುಗಳಿಂದ ಏನು ಪ್ರಯೋಜನ?"

"ಕಾಗದಗಳು ನಿನ್ನ ಹತ್ತಿರವೇ ಇರಲಿ, ತಾಯಿ. ಮೊದಲು ಒಂದು ಕಾರಿನ ಕತೆ ಕೇಳು," ಎಂದರು ಗುರುಗಳು. ಪೂರ್ವಾಶ್ರಮದಲ್ಲಿ ಅವರು ಹದಿನೆಂಟು ವರ್ಷ ಲಾರಿ ಎಂಜಿನ್ ರಿಪೇರಿ ಮಾಡಿದವರು. ಅವರ ಕತೆಗಳಲ್ಲಿ ರಾಜರು ಕಡಿಮೆ, ಮೆಕ್ಯಾನಿಕರು ಹೆಚ್ಚು.

ಒಂದು ಊರಿನಲ್ಲಿ ಒಬ್ಬ ಗ್ಯಾರೇಜಿನ ಯಜಮಾನಿ ಇದ್ದಳು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಗಂಡ ತೀರಿಕೊಂಡ ಮೇಲೆ ಗ್ಯಾರೇಜನ್ನು ಮಾರದೆ ತಾನೇ ನಡೆಸಿದಳು. ಯಾವ ಗಾಡಿಗೆ ಯಾವ ದಿನ ಏನು ಮಾಡಿದೆ, ಮಾಡಿದ ಮೇಲೆ ಏನಾಯಿತು ಎಂಬುದನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಬರೆಯದ ಕೆಲಸ ಮಾಡಿದ ಕೆಲಸವಲ್ಲ ಎಂಬುದು ಅವಳ ಹಟ. ಆ ಪುಸ್ತಕದ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆ ಇತ್ತು. ಸ್ವಲ್ಪ ಎಂದರೆ ಸಾಕಷ್ಟು.

ಆ ಊರಿನ ಹತ್ತಿರ ಒಂದು ಬೆಟ್ಟವಿತ್ತು. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಆ ಬೆಟ್ಟದ ರಸ್ತೆಯಲ್ಲಿ ಕಾರುಗಳ ಸ್ಪರ್ಧೆ ನಡೆಯುತ್ತಿತ್ತು. ಎಂಟು ಕಿಲೋಮೀಟರ್ ಏರು. ಹದಿನಾಲ್ಕು ತಿರುವು. ಒಂದೊಂದೇ ಗಾಡಿ ಹತ್ತಬೇಕು. ಬೇಗ ತಲುಪಿದ ಗಾಡಿ ಗೆದ್ದಂತೆ. ಆರು ನಿಮಿಷ ಹನ್ನೆರಡು ಸೆಕೆಂಡು ಅಲ್ಲಿನ ದಾಖಲೆ. ಬಹಳ ವರ್ಷಗಳಿಂದ ಅದನ್ನು ಯಾರೂ ಮುರಿದಿರಲಿಲ್ಲ. ಅಲ್ಲಿ ಇನ್ನೊಂದು ನಿಯಮವಿತ್ತು. ಸತತವಾಗಿ ಮೂರು ವರ್ಷ ತುದಿ ಮುಟ್ಟದ ಗ್ಯಾರೇಜಿನ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕುತ್ತಿದ್ದರು. ಹಾಗೆ ಹೋದ ಹೆಸರು ಮತ್ತೆ ಬರುತ್ತಿರಲಿಲ್ಲ.

ಯಜಮಾನಿ ಆ ಸ್ಪರ್ಧೆಗೆಂದು ಒಂದು ಟರ್ಬೊ ಕಾರನ್ನು ಸಿದ್ಧಮಾಡಿದಳು. ಟರ್ಬೊ ಎಂದರೇನೆಂದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಕತೆ ಅದರ ಮೇಲೆಯೇ ನಿಂತಿದೆ. ಎಂಜಿನ್ನಿನ ಬಿಸಿ ಹೊಗೆ ಕೊಳವೆಯೊಳಗೆ ಹೊರಟು ಅಂಗೈಯಗಲದ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಕ್ಕೆ ನೂಕುತ್ತದೆ. ಗಾಳಿ ಹೆಚ್ಚಿದಷ್ಟೂ ಬಲ ಹೆಚ್ಚು. ಬೇರೆ ಗಾಡಿಗಳು ಬಿಸಾಡುವ ಹೊಗೆಯನ್ನು ಇದು ದುಡಿಸಿಕೊಳ್ಳುತ್ತದೆ. ಆದರೆ ಆ ಕೊಳವೆ ಕೆಂಡದಂತೆ ಕಾಯುತ್ತದೆ. ಬಾನೆಟ್ಟಿನ ಕೆಳಗಿರುವ ವೈರು, ರಬ್ಬರು, ಎಲ್ಲವೂ ಅದರ ಪಕ್ಕದಲ್ಲೇ ಬದುಕಬೇಕು.

ಮೊದಲನೆಯ ವರ್ಷ ಊರಿನ ಮೆಕ್ಯಾನಿಕರು ಹೇಳಿದರು: "ಕಾವನ್ನು ಹೊರಗೆ ಬಿಡಿ ಅಕ್ಕಾ. ಬಾನೆಟ್ಟು ಕತ್ತರಿಸಿ."

ಯಜಮಾನಿ ಬಾನೆಟ್ಟಿನಲ್ಲಿ ಆರು ಕಿಂಡಿ ಕತ್ತರಿಸಿದಳು. ಕಾವು ಹೊರಗೆ ಬಂತು. ನೇರವಾಗಿ ಮುಂದಿನ ಗಾಜಿಗೆ, ಗಾಜಿನ ಸಂದಿನಿಂದ ಚಾಲಕನ ಮುಖಕ್ಕೆ. ಅದೇ ಕಿಂಡಿಗಳಿಂದ ರಸ್ತೆಯ ದೂಳು ಒಳಗೆ ಹೋಯಿತು. ಒಂಬತ್ತನೆಯ ತಿರುವಿನಲ್ಲಿ ಗಾಡಿ ಕೆಮ್ಮಿ ನಿಂತಿತು.

ಎರಡನೆಯ ವರ್ಷ ಅದೇ ಮೆಕ್ಯಾನಿಕರು ಹೇಳಿದರು: "ಎಲ್ಲವನ್ನೂ ಮುಚ್ಚಿ ಅಕ್ಕಾ. ಕಾವು ಒಳಗೇ ಇರಲಿ."

ಯಜಮಾನಿ ಕಿಂಡಿಗಳನ್ನು ಮುಚ್ಚಿದಳು. ಸುತ್ತಲೂ ತಗಡು ಹೊಡೆದಳು. ದೂಳು ನಿಂತಿತು, ಚಾಲಕನ ಮುಖ ತಣ್ಣಗಾಯಿತು. ಬಾನೆಟ್ಟಿನ ಒಳಗೆ ಮಾತ್ರ ಎಲ್ಲವೂ ಬೆಂದಿತು. ಹನ್ನೊಂದನೆಯ ತಿರುವಿನಲ್ಲಿ ರಬ್ಬರಿನ ಒಂದು ಕೊಳವೆ ಬಾಯಿಬಿಟ್ಟಿತು, ವೈರುಗಳು ಒಂದಕ್ಕೊಂದು ಅಂಟಿಕೊಂಡವು. ಚಾಲಕ ಕೀಲಿಕೈಯನ್ನು ಯಜಮಾನಿಯ ಕೈಗಿಟ್ಟು, "ಇದು ಗಾಡಿಯಲ್ಲಮ್ಮಾ, ಒಲೆ. ಒಲೆ ಓಡಿಸಲು ನನಗೆ ಬರುವುದಿಲ್ಲ," ಎಂದು ಕೆಲಸ ಬಿಟ್ಟ.

ಇಲ್ಲಿ ಗುರುಗಳು ಒಂದು ಕ್ಷಣ ನಿಲ್ಲಿಸಿದರು. "ನೀನು ತಂದಿರುವ ಎರಡು ದಾರಿಗಳೂ ಎರಡೇ ವರ್ಷಗಳಲ್ಲಿ ಮುಗಿದವು," ಎಂದರು.

"ಉಳಿದದ್ದೇನು?"

"ಪುಸ್ತಕ ಉಳಿದಿತ್ತು. ಇನ್ನೊಂದು ವರ್ಷವೂ ಉಳಿದಿತ್ತು. ಅದೂ ಹೋದರೆ ಹೆಸರು ಹೋಗುತ್ತಿತ್ತು."

ಯಜಮಾನಿ ಪುಸ್ತಕ ತೆಗೆದು ಕುಳಿತಳು. ಎರಡು ವರ್ಷ ಅವಳು ನಾಲ್ಕು ಜಾಗಗಳಲ್ಲಿ ಬಿಸಿ ಅಳೆದು ಬರೆದಿದ್ದಳು. ಎಂಜಿನ್ನಿನ ಬಾಯಲ್ಲಿ ಹೊಗೆಯ ಬಿಸಿ ಏಳುನೂರ ಅರವತ್ತು ಡಿಗ್ರಿ. ಅಲ್ಲಿಂದ ಚಕ್ರಕ್ಕೆ ಒಂದು ಮೊಳದ ದಾರಿ. ಚಕ್ರದ ಬಾಯಿಗೆ ಬರುವಷ್ಟರಲ್ಲಿ ಆರುನೂರ ತೊಂಬತ್ತು. ಬಾನೆಟ್ಟಿನ ಕೆಳಗೆ ನೂರ ಹದಿನೆಂಟು. ಎಂಜಿನ್ ಉಸಿರಾಡುವ ಗಾಳಿ ಅರವತ್ತಮೂರು. ಇನ್ನೊಂದು ಸಾಲನ್ನೂ ಅವಳು ಬರೆದಿದ್ದಳು. ಪ್ರತಿ ತಿರುವಿನಿಂದ ಹೊರಬಂದ ಮೇಲೆ ಚಕ್ರ ಎಚ್ಚರಗೊಳ್ಳಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಅಷ್ಟು ಹೊತ್ತು ಗಾಡಿ ಸುಮ್ಮನೆ ಉರುಳುತ್ತಿತ್ತು.

ಅವಳು ಆ ಪುಟದ ಕೆಳಗೆ ಬರೆದಳು: "ಕಾವು ಬೇಕಾದ ಜಾಗದಲ್ಲಿ ಸಾಲದು. ಬೇಡದ ಜಾಗದಲ್ಲಿ ಅತಿ. ಆ ಒಂದು ಮೊಳದಲ್ಲಿ ಸೋರುತ್ತಿದೆ."

ಕಲ್ಲಿನ ನಾರಿನಿಂದ ನೇಯ್ದ ಒಂದು ಪಟ್ಟಿ ಸಿಗುತ್ತದೆ. ಎರಡು ಬೆರಳಗಲ, ಉದ್ದ ಎಷ್ಟು ಬೇಕಾದರೂ. ಗ್ಯಾರೇಜುಗಳಲ್ಲಿ ಅದಕ್ಕೆ ಹೀಟ್ ರ್‍ಯಾಪ್ ಎನ್ನುತ್ತಾರೆ. ಬಿಸಿ ಕೊಳವೆಗೆ ಸುತ್ತಿದರೆ ಬಿಸಿ ಕೊಳವೆಯೊಳಗೇ ಉಳಿದು ಮುಂದಕ್ಕೆ ಹೋಗುತ್ತದೆ. ಯಜಮಾನಿ ಅದನ್ನು ತರಿಸಿ ಸುತ್ತಿ ನೋಡಿದಳು. ಒಂದು ಕಡೆ ಸಡಿಲ, ಒಂದು ಕಡೆ ಗಂಟು. ಎಂಜಿನ್ ನಡುಗಿದರೆ ಜಾರಿ ಕೆಳಗೆ ಬರುತ್ತಿತ್ತು. ಮೂರು ಸಲ ಸುತ್ತಿದಳು, ಮೂರು ಸಲವೂ ಜಾರಿತು. ಮೂರನ್ನೂ ಪುಸ್ತಕದಲ್ಲಿ ಬರೆದಳು.

ಅದೇ ತಿಂಗಳು ಅವಳ ಸೊಸೆ ಹಡೆದಳು. ಸೂಲಗಿತ್ತಿ ಅಜ್ಜಿ ದಿನಾ ಬಂದು ಬಾಣಂತಿಗೆ ನೀರು ಹಾಕಿ, ಹೊಟ್ಟೆಗೆ ಹಳೆಯ ಸೀರೆಯ ಪಟ್ಟಿ ಕಟ್ಟಿ ಹೋಗುತ್ತಿದ್ದಳು. ಒಂದು ದಿನ ಯಜಮಾನಿ ಬಾಗಿಲಲ್ಲಿ ನಿಂತು ನೋಡಿದಳು. ಅಜ್ಜಿ ಸೊಂಟದಿಂದ ಮೇಲಕ್ಕೆ ಸುತ್ತುತ್ತಿದ್ದಳು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುತ್ತಿತ್ತು. ಪಟ್ಟಿಯನ್ನು ಎಳೆದು ಹಿಡಿದ ಕೈ ಒಮ್ಮೆಯೂ ಸಡಿಲವಾಗಲಿಲ್ಲ. ಹೊಟ್ಟೆ ಕದಲಲಿಲ್ಲ. ಉಸಿರು ಮಾತ್ರ ಸರಾಗ ಆಡುತ್ತಿತ್ತು.

"ಎಷ್ಟು ಸುತ್ತು ಅಜ್ಜಿ?" ಎಂದು ಯಜಮಾನಿ ಕೇಳಿದಳು. ಕೈಯಲ್ಲಿ ಪುಸ್ತಕವಿತ್ತು.

"ಸುತ್ತು ಎಣಿಸಿ ಯಾರವ್ವಾ ಕಟ್ಟುತ್ತಾರೆ? ಮೈ ಎಷ್ಟು ಕೇಳುತ್ತದೆಯೋ ಅಷ್ಟು."

ಯಜಮಾನಿ ಎಣಿಸಿದಳು. ಹನ್ನೊಂದು ಸುತ್ತು, ಅರ್ಧದ ಮೇಲೆ ಅರ್ಧ, ಕೆಳಗಿನಿಂದ ಮೇಲಕ್ಕೆ. ಹಾಗೆಂದು ಬರೆದುಕೊಂಡು ಗ್ಯಾರೇಜಿಗೆ ಹೋದಳು. ಪಟ್ಟಿಯನ್ನು ನೀರಿನಲ್ಲಿ ನೆನೆಸಿದಳು. ಒಣಗಿದಾಗ ಬಿಗಿಯಾಗಲಿ ಎಂದು. ನಾರು ಚರ್ಮಕ್ಕೆ ಚುಚ್ಚುತ್ತದೆ. ಅದಕ್ಕೆ ಕೈಗವಸು ಹಾಕಿಕೊಂಡಳು. ಅಜ್ಜಿಯ ಕೈ ಹೋದಂತೆ ತನ್ನ ಕೈಯನ್ನು ಒಯ್ದಳು. ಎರಡು ತುದಿಗೂ ಸ್ಟೀಲಿನ ಪಟ್ಟಿ ಬಿಗಿದಳು. ಪಟ್ಟಿ ಕೊಳವೆಯ ಮೈಗೆ ಅಂಟಿದಂತೆ ಕುಳಿತಿತು.

ಎಂಜಿನ್ ಚಾಲೂ ಮಾಡಿದಾಗ ಪಟ್ಟಿಯಿಂದ ದಟ್ಟವಾದ ಹೊಗೆ ಎದ್ದಿತು. ಮೆಕ್ಯಾನಿಕನೊಬ್ಬ ನೀರಿನ ಬಕೆಟ್ಟು ಎತ್ತಿದ. ಯಜಮಾನಿ ಅವನ ಕೈ ಹಿಡಿದಳು. "ಕಾದ ಕಬ್ಬಿಣಕ್ಕೆ ತಣ್ಣೀರು ಹಾಕಿದರೆ ಒಡೆಯುತ್ತದೆ. ಇದು ಹೊಸ ಪಟ್ಟಿಯ ಹೊಗೆ. ಮುಗಿಯಲಿ," ಎಂದಳು. ಹದಿನಾರು ನಿಮಿಷಕ್ಕೆ ಹೊಗೆ ಮುಗಿಯಿತು. ಅದನ್ನೂ ಬರೆದಳು. ಆಮೇಲೆ ಬಿಸಿ ಅಳೆದಳು. ಚಕ್ರದ ಬಾಯಲ್ಲಿ ಏಳುನೂರ ಮೂವತ್ತು. ಬಾನೆಟ್ಟಿನ ಕೆಳಗೆ ಎಂಬತ್ತೊಂದು. ಅಂದು ಅವಳು ಪುಸ್ತಕ ಮುಚ್ಚಿ, ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತಳು. ಗೆದ್ದಾಯಿತು ಎಂದುಕೊಂಡಳು.

ಗೆದ್ದಿರಲಿಲ್ಲ. ಮಳೆಗಾಲ ಬಂತು. ಗಾಡಿ ಒದ್ದೆ ರಸ್ತೆಯಲ್ಲಿ ಓಡಾಡಿತು. ಆಗಸ್ಟಿನಲ್ಲಿ ಒಂದು ದಿನ ಬಾನೆಟ್ಟಿನಿಂದ ಸೀಟಿಯಂಥ ಸದ್ದು ಬಂತು. ಸುತ್ತಿದ ಐದು ತಿಂಗಳ ಮೇಲೆ ಅವಳು ಮೊದಲ ಸಲ ಪಟ್ಟಿ ಬಿಚ್ಚಿದಳು. ಒಳಗೆ ನೀರು ಕುಡಿದ ಪಟ್ಟಿ, ತುಕ್ಕು ಹಿಡಿದ ಕೊಳವೆ. ಕೊಳವೆಯ ಹೊಟ್ಟೆಯಲ್ಲಿ ಬೆರಳುದ್ದದ ಬಿರುಕು.

ಆ ವಾರ ಸೂಲಗಿತ್ತಿ ಅಜ್ಜಿ ಮಗುವನ್ನು ನೋಡಲು ಬಂದಳು. ಯಜಮಾನಿಯ ಮುಖ ಕಂಡು ಏನಾಯಿತೆಂದು ಕೇಳಿದಳು. ಯಜಮಾನಿ ಪುಸ್ತಕ ತೋರಿಸಿದಳು. "ನೀನು ಕಟ್ಟಿದ ಹಾಗೆಯೇ ಕಟ್ಟಿದೆ ಅಜ್ಜಿ. ನೋಡು, ಹನ್ನೊಂದು ಸುತ್ತು. ಅರ್ಧದ ಮೇಲೆ ಅರ್ಧ. ಆದರೂ ಬಿರುಕು ಬಿಟ್ಟಿತು."

"ನನಗೆ ಓದಲು ಬರುವುದಿಲ್ಲವ್ವಾ," ಎಂದಳು ಅಜ್ಜಿ. "ಬಿಚ್ಚಿದ್ದನ್ನು ಎಲ್ಲಿ ಬರೆದಿದ್ದೀ?"

"ಬಿಚ್ಚಿದ್ದು ಎಂದರೆ?"

"ನಾನು ನಿನ್ನ ಸೊಸೆಗೆ ಒಮ್ಮೆ ಕಟ್ಟಿ ಮೂರು ತಿಂಗಳು ಬಿಟ್ಟಿದ್ದೆನಾ? ದಿನಾ ಬಂದು ಬಿಚ್ಚುತ್ತಿದ್ದೆ. ಮೈ ನೋಡುತ್ತಿದ್ದೆ. ಬೆವರು ಒರೆಸಿ, ಒಣಗಿಸಿ, ಮತ್ತೆ ಕಟ್ಟುತ್ತಿದ್ದೆ. ನೀನು ಕಟ್ಟುವುದನ್ನು ಮಾತ್ರ ನೋಡಿದೆ. ಎಣಿಸುವುದರಲ್ಲಿ ಇದ್ದೆಯಲ್ಲ."

ಯಜಮಾನಿ ಪುಸ್ತಕ ಮುಚ್ಚಿದಳು. ಅಷ್ಟು ವರ್ಷಗಳಲ್ಲಿ ಆ ಪುಸ್ತಕದ ಮುಂದೆ ಅವಳು ತಲೆ ತಗ್ಗಿಸಿದ್ದು ಅಂದು ಒಂದೇ ದಿನ.

ಹೊಸ ಕೊಳವೆ ಮಾಡಿಸಿದಳು. ತುಕ್ಕು ಹಿಡಿಯದ ಸ್ಟೀಲಿನದು. ಪಟ್ಟಿ ಸುತ್ತಿದಳು. ಅಂದಿನಿಂದ ಪ್ರತಿ ಶನಿವಾರ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಿಚ್ಚಿದಳು. ಕೊಳವೆಯನ್ನು ಒರೆಸಿ, ಬೆಳಕಿನಲ್ಲಿ ತಿರುಗಿಸಿ ನೋಡಿದಳು. ಸವೆದ ಪಟ್ಟಿಯನ್ನು ಬಿಸಾಡಿ ಹೊಸದನ್ನು ಸುತ್ತಿದಳು. ಪುಸ್ತಕದಲ್ಲಿ ಒಂದು ಹೊಸ ಕಲಂ ಎಳೆದು, "ಬಿಚ್ಚಿ ಕಂಡದ್ದು" ಎಂದು ತಲೆಬರಹ ಕೊಟ್ಟಳು. ಇಪ್ಪತ್ತೆರಡು ಶನಿವಾರ, ಇಪ್ಪತ್ತೆರಡು ಸಾಲು.

ಇನ್ನು ಚಾಲಕ ಬೇಕಿತ್ತು. ಒಲೆಯನ್ನು ಓಡಿಸಲು ಯಾರೂ ಒಪ್ಪಲಿಲ್ಲ. ಆಗ ಸೊಸೆ ಹೇಳಿದಳು: "ನಾನು ಓಡಿಸುತ್ತೇನೆ ಅತ್ತೆ. ನಮ್ಮಪ್ಪ ಮೂವತ್ತು ವರ್ಷ ಘಾಟಿಯಲ್ಲಿ ಬಸ್ಸು ಓಡಿಸಿದವರು. ತಿರುವು ಎಂದರೆ ನನಗೆ ಭಯವಿಲ್ಲ."

"ಮಗುವಿನದು ಇನ್ನೂ ಹಾಲು ಕುಡಿಯುವ ವಯಸ್ಸು."

"ಆರು ನಿಮಿಷ ನೀವು ನೋಡಿಕೊಳ್ಳಲಾರಿರಾ?"

ಯಜಮಾನಿ ನಕ್ಕಳು. ಕೀಲಿಕೈ ಕೊಟ್ಟಳು.

ಸ್ಪರ್ಧೆಯ ದಿನ ಬಂತು. ಊರಿನ ದೊಡ್ಡ ಗ್ಯಾರೇಜಿನ ಯಜಮಾನನೂ ಬಂದ. ಅವನ ಬಳಿ ನಾಲ್ಕು ಮೆಕ್ಯಾನಿಕರು, ಎರಡು ಲಿಫ್ಟು. ಬಾನೆಟ್ಟು ತೆರೆದು ನಿಂತ ಯಜಮಾನಿಯ ಗಾಡಿಯನ್ನು ನೋಡಿ ಅವನು ಎಲ್ಲರಿಗೂ ಕೇಳುವಂತೆ ಹೇಳಿದ: "ಏನಕ್ಕಾ, ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ಬಾಣಂತಿಪಟ್ಟಿಯನ್ನು ಗಾಡಿಗೆ ಕಟ್ಟಿದ್ದೀರಾ?"

"ಬಾಣಂತಿಯೂ ಬಂದಿದ್ದಾಳೆ ಅಣ್ಣಾ. ಅಗೋ, ಸ್ಟೀರಿಂಗ್ ಹಿಡಿದು ಕೂತಿದ್ದಾಳೆ."

ಜನ ನಕ್ಕರು. ಯಜಮಾನನೂ ನಕ್ಕ. ಆದರೆ ಅವನ ಗಾಡಿಯ ಕೊಳವೆಗೂ ಪಟ್ಟಿ ಸುತ್ತಿತ್ತು. ಯಜಮಾನಿಯ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಅವನ ಮೆಕ್ಯಾನಿಕರು ನೋಡಿದ್ದರು. ನೋಡಿದ್ದು ಪಟ್ಟಿಯನ್ನು ಮಾತ್ರ. ಹಳೆಯ ಕೊಳವೆ, ಹಳೆಯ ಎಂಜಿನ್. ಮೇಲೆ ಹೊಸ ಪಟ್ಟಿ. ಯಜಮಾನಿ ಬಗ್ಗಿ ನೋಡಿದಳು.

"ಅಣ್ಣಾ, ಮೇಲಿನಿಂದ ಎಣ್ಣೆ ಜಿನುಗುತ್ತಿದೆ. ಪಟ್ಟಿ ಅದನ್ನು ಕುಡಿಯುತ್ತಿದೆ. ಬಿಚ್ಚಿ, ಸೋರುವುದನ್ನು ನಿಲ್ಲಿಸಿ, ಹೊಸ ಪಟ್ಟಿ ಕಟ್ಟಿ. ನನ್ನ ಹತ್ತಿರ ಒಂದು ಸುರುಳಿ ಇದೆ, ಕೊಡುತ್ತೇನೆ."

"ನಿಮ್ಮ ಪುಸ್ತಕದಲ್ಲಿ ನನ್ನ ಗಾಡಿಗೂ ಒಂದು ಪುಟ ಇಟ್ಟಿದ್ದೀರಾ?" ಎಂದು ಅವನು ಮುಂದೆ ಹೋದ.

ಅವನ ಗಾಡಿ ಮೊದಲು ಹೊರಟಿತು. ಹನ್ನೆರಡನೆಯ ತಿರುವಿನಲ್ಲಿ ಬಾನೆಟ್ಟಿನಿಂದ ಬೆಂಕಿ ಎದ್ದಿತು. ಚಾಲಕ ಗಾಡಿ ನಿಲ್ಲಿಸಿ ಇಳಿದ. ಅವನಿಗೆ ಏನೂ ಆಗಲಿಲ್ಲ. ಅಲ್ಲಿದ್ದವರು ಬೆಂಕಿ ಆರಿಸಿದರು. ಸುದ್ದಿ ವೈರ್‌ಲೆಸ್ಸಿನಲ್ಲಿ ಕೆಳಗೆ ಬಂತು.

ಸ್ಪರ್ಧೆಯ ಮೇಲ್ವಿಚಾರಕ ನೇರವಾಗಿ ಯಜಮಾನಿಯ ಬಳಿಗೆ ಬಂದ. "ಅಮ್ಮಾ, ಪಟ್ಟಿ ಸುತ್ತಿದ ಗಾಡಿ ಈಗ ತಾನೇ ಸುಟ್ಟುಹೋಯಿತು. ನಿಮ್ಮದನ್ನು ಬಿಡಲು ನನಗೆ ಧೈರ್ಯ ಬರುವುದಿಲ್ಲ. ಒಳಗೆ ಕೂತಿರುವವಳು ಹಸುಗೂಸಿನ ತಾಯಿ."

ಗಾಡಿ ಹೊರಡದಿದ್ದರೆ ಅದೂ ತುದಿ ಮುಟ್ಟದ ವರ್ಷವೇ. ಹೆಸರು ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

ಯಜಮಾನಿಯ ಒಳಗೂ ಆಗ ಕಾವು ಏರಿತು. ಮೂರು ವರ್ಷ ದುಡಿದವಳು ಅವಳು. ತಪ್ಪು ಮಾಡಿದವನು ಇನ್ನೊಬ್ಬ. ಕೂಗಾಡಲು ಅವಳಿಗೆ ಹಕ್ಕಿತ್ತು. ಗಾಡಿ ತಿರುಗಿಸಿಕೊಂಡು ಮನೆಗೆ ಹೋಗಲು ಕಾರಣವೂ ಇತ್ತು. ಅವಳು ಎರಡನ್ನೂ ಮಾಡಲಿಲ್ಲ. ಮಗುವನ್ನು ಪಕ್ಕದವಳ ಕೈಗೆ ಕೊಟ್ಟು, ಪುಸ್ತಕ ತೆಗೆದಳು.

"ಉರಿದದ್ದು ಪಟ್ಟಿಯಲ್ಲ ಸ್ವಾಮಿ, ಅದು ಕುಡಿದ ಎಣ್ಣೆ," ಎಂದಳು.

"ನಿಮ್ಮದು ಕುಡಿದಿಲ್ಲ ಎಂದು ನಾನು ಹೇಗೆ ನಂಬಲಿ?"

"ನಂಬಬೇಡಿ. ನೋಡಿ. ಇನ್ನೂ ಎಂಜಿನ್ ಚಾಲೂ ಮಾಡಿಲ್ಲ, ತಣ್ಣಗಿದೆ. ನಿಮ್ಮ ಎದುರೇ ಬಿಚ್ಚುತ್ತೇನೆ, ನಿಮ್ಮ ಎದುರೇ ಕಟ್ಟುತ್ತೇನೆ."

"ನಿಮ್ಮ ಸರದಿಗೆ ಹದಿನೈದು ನಿಮಿಷ ಇದೆ. ಆದೀತಾ?"

"ಬಿಚ್ಚಲು ನಾಲ್ಕು ನಿಮಿಷ. ಕಟ್ಟಲು ಒಂಬತ್ತು."

"ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?"

"ನಿನ್ನೆ, ಶನಿವಾರ ಬರೆದ ಸಾಲು ಓದಿ."

ಮೇಲ್ವಿಚಾರಕ ಪುಸ್ತಕ ಹಿಡಿದು ನಿಂತ. ಯಜಮಾನಿ ಕೈಗವಸು ಹಾಕಿಕೊಂಡಳು. ಜನ ಸುತ್ತ ಸೇರಿದರು. ಪಟ್ಟಿ ಒಂದೊಂದೇ ಸುತ್ತಾಗಿ ಬಿಚ್ಚಿಕೊಂಡಿತು. ಒಳಗಿನ ಕೊಳವೆ ತೊಳೆದಿಟ್ಟ ಪಾತ್ರೆಯಂತಿತ್ತು. ಬಿರುಕಿಲ್ಲ, ತುಕ್ಕಿಲ್ಲ, ಎಣ್ಣೆಯ ಹನಿಯಿಲ್ಲ. ಮೇಲ್ವಿಚಾರಕ ಬಿಳಿ ಕರವಸ್ತ್ರದಿಂದ ಒರೆಸಿ ನೋಡಿದ. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಅವನು ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದ. ಆಗಸ್ಟಿನ ಬಿರುಕೂ ಅಲ್ಲಿತ್ತು. ಅದರ ಕೆಳಗೆ, "ತಪ್ಪು ನನ್ನದು. ಬಿಚ್ಚಿ ನೋಡಲಿಲ್ಲ" ಎಂದು ಅವಳ ಕೈಬರಹವಿತ್ತು. ಆ ಸಾಲನ್ನು ಅವನು ಎರಡು ಸಲ ಓದಿದ.

"ಕಟ್ಟಿ ಅಮ್ಮಾ," ಎಂದ.

ಅವಳು ನೆನೆಸಿದ ಪಟ್ಟಿಯನ್ನು ಕೈಗೆತ್ತಿಕೊಂಡಳು. ಕೆಳಗಿನಿಂದ ಮೇಲಕ್ಕೆ, ಅರ್ಧದ ಮೇಲೆ ಅರ್ಧ. ಎಳೆದು ಹಿಡಿದ ಕೈ ಒಮ್ಮೆಯೂ ಸಡಿಲವಾಗಲಿಲ್ಲ. ಯಾರೋ ಗಡಿಯಾರ ಹಿಡಿದಿದ್ದರು. ಎಂಟು ನಿಮಿಷ ಐವತ್ತು ಸೆಕೆಂಡು.

ಎಂಜಿನ್ ಚಾಲೂ ಆಯಿತು. ಪಟ್ಟಿಯಿಂದ ಬೆಳ್ಳಗೆ ಎದ್ದಿತು. ಹಿಂದಿನಿಂದ ಯಾರೋ, "ಹೊಗೆ, ಹೊಗೆ," ಎಂದರು.

"ಅದು ನೀರಿನ ಆವಿ. ಸುಮ್ಮನಿರಿ. ಇದರಲ್ಲಿ ಬರೆದಿದೆ," ಎಂದ ಮೇಲ್ವಿಚಾರಕ. ಪುಸ್ತಕ ಇನ್ನೂ ಅವನ ಕೈಯಲ್ಲೇ ಇತ್ತು.

ಬಾವುಟ ಇಳಿಯಿತು. ಸೊಸೆ ಹೊರಟಳು.

ಮೊದಲನೆಯ ತಿರುವಿನಲ್ಲೇ ಅವಳಿಗೆ ತಿಳಿಯಿತು. ತಿರುವಿನಿಂದ ಹೊರಬಂದು ಕಾಲು ಒತ್ತುತ್ತಲೇ ಗಾಡಿ ಬೆನ್ನನ್ನು ಸೀಟಿಗೆ ಒತ್ತಿತು. ಚಕ್ರ ನಿದ್ದೆ ಹೋಗಿರಲಿಲ್ಲ. ಪ್ರತಿ ತಿರುವಿಗೂ ಅರ್ಧ ಸೆಕೆಂಡು ಉಳಿಯಿತು. ಅರ್ಧ ಸೆಕೆಂಡು ಎಂದರೆ ಏನೂ ಅಲ್ಲ, ಕಣ್ಣು ಮಿಟುಕಿಸಿದಷ್ಟು. ಆದರೆ ಬೆಟ್ಟಕ್ಕೆ ಹದಿನಾಲ್ಕು ತಿರುವು. ಮೊದಲ ವರ್ಷ ಗಾಡಿ ನಿಂತಿದ್ದ ಒಂಬತ್ತನೆಯ ತಿರುವು ದಾಟಿತು. ಎರಡನೆಯ ವರ್ಷ ನಿಂತಿದ್ದ ಹನ್ನೊಂದನೆಯದೂ ದಾಟಿತು. ಹನ್ನೆರಡನೆಯದರಲ್ಲಿ, ಪಕ್ಕಕ್ಕೆ ಸರಿಸಿಟ್ಟಿದ್ದ ಕರಕಲು ಗಾಡಿಯ ಪಕ್ಕದಿಂದ ಅವಳು ಹಾಯ್ದುಹೋದಳು. ಅದರ ಚಾಲಕ ಟೋಪಿ ತೆಗೆದು ಬೀಸಿದ.

ಕೆಳಗೆ ಯಜಮಾನಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎಂಜಿನ್ನಿನ ಸದ್ದು ಬೆಟ್ಟದ ಒಂದು ಮೈಯಿಂದ ಇನ್ನೊಂದಕ್ಕೆ ಹೊರಳುತ್ತಾ ಮೇಲಕ್ಕೆ ಹೋಯಿತು. ಅವಳು ತಿರುವುಗಳನ್ನು ಕಿವಿಯಿಂದಲೇ ಎಣಿಸಿದಳು. ಹದಿಮೂರು. ಹದಿನಾಲ್ಕು. ಆಮೇಲೆ ಸದ್ದು ತಗ್ಗಿತು.

ವೈರ್‌ಲೆಸ್ಸು ಹೇಳಿತು: ಆರು ನಿಮಿಷ ಐದು ಸೆಕೆಂಡು.

ಹಳೆಯ ದಾಖಲೆಗಿಂತ ಏಳು ಸೆಕೆಂಡು ಕಡಿಮೆ. ಹದಿನಾಲ್ಕು ಅರ್ಧಗಳು. ಮೇಲ್ವಿಚಾರಕನೇ ಮೊದಲು ಚಪ್ಪಾಳೆ ತಟ್ಟಿದ. ಆಮೇಲೆ ಬೆಟ್ಟದ ಬುಡವೆಲ್ಲ ತಟ್ಟಿತು. ಸೂಲಗಿತ್ತಿ ಅಜ್ಜಿ ಜನರ ನಡುವೆ ಎಲ್ಲೋ ಇದ್ದಳು. "ಸೆಕೆಂಡು ಎಂದರೆ ಎಷ್ಟು?" ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಮೇಲೆ, ಬೆಟ್ಟದ ತುದಿಯಲ್ಲಿ, ಜನ ಗಾಡಿಯನ್ನು ಮುತ್ತಿದರು. ಗಾಜು ತಟ್ಟಿದರು. ಇಳಿ ಎಂದರು. ಒಬ್ಬರು ಹಾರ ಹಿಡಿದು ನಿಂತಿದ್ದರು. ಸೊಸೆ ಇಳಿಯಲಿಲ್ಲ. ಎಂಜಿನ್ನನ್ನೂ ನಿಲ್ಲಿಸಲಿಲ್ಲ. ಗಾಜಿನೊಳಗಿನಿಂದ ಎರಡು ಬೆರಳು ತೋರಿಸಿದಳು. ಕಾದು ತಿರುಗಿದ ಟರ್ಬೊ ಚಕ್ರಕ್ಕೆ ಎರಡು ನಿಮಿಷ ಎಣ್ಣೆ ಹರಿಯಬೇಕು. ಥಟ್ಟನೆ ನಿಲ್ಲಿಸಿದರೆ ಅದರ ನಡು ಸುಟ್ಟುಹೋಗುತ್ತದೆ. ಅತ್ತೆಯ ಪುಸ್ತಕದಲ್ಲಿ ಹಾಗೆ ಬರೆದಿತ್ತು. ಹಾರ ಎರಡು ನಿಮಿಷ ಕಾಯಿತು.

ಸಂಜೆ ದೊಡ್ಡ ಗ್ಯಾರೇಜಿನ ಯಜಮಾನ ಬಂದ. ಮುಖ ಮಸಿಯಾಗಿತ್ತು, ದನಿ ತಣ್ಣಗಿತ್ತು. "ಅಕ್ಕಾ, ಕಟ್ಟಿ ಬಿಚ್ಚುವುದನ್ನು ನಿಮಗೆ ಕಲಿಸಿದಳಂತಲ್ಲ, ಆ ಸೂಲಗಿತ್ತಿಯ ಮನೆ ಎಲ್ಲಿ?"

"ಏಕೆ ಅಣ್ಣಾ, ಮನೆಯಲ್ಲಿ ಯಾರಾದರೂ ಹಡೆದಿದ್ದಾರಾ?"

"ಇಲ್ಲ. ಗ್ಯಾರೇಜಿನಲ್ಲಿ ನಾಲ್ಕು ಜನ ಮೆಕ್ಯಾನಿಕರಿದ್ದಾರೆ."

ಯಜಮಾನಿ ದಾರಿ ಹೇಳಿದಳು. ಜೊತೆಗೆ, ಬೆಳಿಗ್ಗೆ ಕೊಡುತ್ತೇನೆಂದಿದ್ದ ಪಟ್ಟಿಯ ಸುರುಳಿಯನ್ನೂ ಕೊಟ್ಟಳು. ಆಮೇಲೆ ಪುಸ್ತಕ ತೆರೆದು ಆ ದಿನದ ಸಾಲು ಬರೆದಳು: "ಹದಿನಾಲ್ಕು ತಿರುವು. ಆರು ನಿಮಿಷ ಐದು ಸೆಕೆಂಡು. ನಾಳೆ ಬಿಚ್ಚಿ ನೋಡಬೇಕು."

ಕತೆ ಅಲ್ಲಿಗೆ ನಿಂತಿತು. ಶಾಂಭವಿಯ ಮುಖದಲ್ಲಿ ಬಹಳ ದಿನಗಳ ಮೇಲೆ ಗೆಲುವು ಕಂಡಿತು. ಬೆಟ್ಟ ಹತ್ತಿ ಬಂದವಳು ತಾನೇ ಎಂಬಂತೆ ಅವಳು ನೆಟ್ಟಗೆ ಕುಳಿತಿದ್ದಳು.

"ತಿಳಿಯಿತು ಗುರುಗಳೇ," ಎಂದಳು. "ಕಾವನ್ನು ಚೆಲ್ಲಬಾರದು. ಒಳಗೇ ಕಟ್ಟಿ ಇಟ್ಟುಕೊಳ್ಳಬೇಕು. ಹಾಗಾದರೆ ರಾಜೀನಾಮೆಯ ಕಾಗದವನ್ನೇ ಕೊಡುತ್ತೇನೆ."

ಗುರುಗಳು ಅವಳ ಕೈಯಲ್ಲಿದ್ದ ಎರಡು ಕಾಗದಗಳನ್ನು ನೋಡಿದರು.

"ಆ ಕೊಳವೆಯ ತುದಿಯಲ್ಲಿ ಒಂದು ಚಕ್ರವಿತ್ತು, ತಾಯಿ; ನಿನ್ನ ಈ ಎರಡು ಕಾಗದಗಳಲ್ಲಿ ಯಾವುದರ ತುದಿಯಲ್ಲಿ ಚಕ್ರವಿದೆ?"

ಶಾಂಭವಿ ಎರಡು ಕಾಗದಗಳನ್ನೂ ಮಡಚಿಟ್ಟು, ಸಭೆಗೆ ಒಯ್ಯಲು ಟ್ರಂಕಿನ ಹಳೆಯ ಪ್ರತಿಗಳನ್ನು ತೆಗೆಯಲೆಂದು ಮನೆಗೆ ಹೊರಟಳು.